ಎದೆಯೊಳಗಿನ ಆಟೋ ಸ್ಟಾರ್ಟರ್

ಒಂದು ಹಳೇ ಫಿಲ್ಮ್ ಇದೆ. 1970ರ ದಶಕದ ನಡುವಿನದು. ಕತೆ ಬಹಳ ಚಿಕ್ಕದು. ಒಂದು ನಾಯಿ ನಿಂತಿದೆ. ಇದ್ದಕ್ಕಿದ್ದಂತೆ ಕುಸಿದು ಬೀಳುತ್ತೆ. ಒಂದಷ್ಟು ಸೆಕೆಂಡು ಸತ್ತಂತೆ ಬಿದ್ದಿರುತ್ತೆ. ಆಮೇಲೆ ಅದರ ಮೈ ಒಮ್ಮೆ ಜಗ್ಗಿದ ಹಾಗಾಗುತ್ತೆ. ಸ್ವಲ್ಪ ಹೊತ್ತಿಗೆ ಎದ್ದು ನಿಂತು ಬಾಲ ಅಲ್ಲಾಡಿಸುತ್ತೆ. ಯಾರೂ ಅದರ ಹತ್ತಿರ ಹೋಗಿಲ್ಲ, ಯಾರೂ ಮುಟ್ಟಿಲ್ಲ.

ಆ ನಾಯಿಯ ಹೃದಯವನ್ನು ಬೇಕೆಂದೇ ನಿಲ್ಲುವ ಸ್ಥಿತಿಗೆ ತಂದಿದ್ದರು. ಅದನ್ನು ಮತ್ತೆ ನಡೆಸಿದ್ದು ನಾಯಿಯ ಮೈಯೊಳಗೇ ಹೊಲಿದಿಟ್ಟಿದ್ದ ಒಂದು ಡಬ್ಬಿ. ಇದನ್ನು ನೋಡಿದ ಕೆಲವು ಡಾಕ್ಟರುಗಳು ಏನಂದ್ರು ಗೊತ್ತಾ? ನಾಯಿಗೆ ಬಿದ್ದು ಏಳೋದನ್ನ ಕಲಿಸಿದ್ದಾರೆ ಅಂದ್ರು! ನಮ್ಮ ಕಡೆ ಕೋಲೆ ಬಸವನಿಗೆ ತಲೆ ಆಡಿಸೋದು ಕಲಿಸ್ತಾರಲ್ಲ, ಹಾಗೆ. ಫಿಲ್ಮ್ ಮಾಡಿದವರು ಜಗಳಕ್ಕೆ ಹೋಗಲಿಲ್ಲ. ಮತ್ತೆ ಫಿಲ್ಮ್ ಮಾಡಿದರು. ಈ ಸಲ ನಾಯಿಯ ಜೊತೆಗೆ ಅದರ ಇಸಿಜಿ ಗೆರೆಯೂ ಒಟ್ಟಿಗೇ ಕಾಣೋ ಹಾಗೆ. ಬಾಲ ಅಲ್ಲಾಡಿಸೋದನ್ನ ನಾಯಿಗೆ ಕಲಿಸಬಹುದು, ಹೃದಯ ನಿಲ್ಲಿಸೋದನ್ನ ಕಲಿಸೋಕಾಗಲ್ಲ.

ಆ ಡಬ್ಬಿಯ ಹಿಂದಿದ್ದವರು ಮಿಶೆಲ್ ಮಿರೋವ್‌ಸ್ಕಿ. ಇವತ್ತು ಐಸಿಡಿ ಅಂತ ಕರೆಯೋ, ಎದೆಯೊಳಗೆ ಕೂರಿಸುವ ಡಿಫಿಬ್ರಿಲೇಟರ್ ಇವರ ಕನಸು. ಪೇಸ್‌ಮೇಕರ್ ಹೆಸರು ನಮ್ಮ ಹಳ್ಳಿಯ ಅಜ್ಜಂದಿರಿಗೂ ಗೊತ್ತು. ಮಿರೋವ್‌ಸ್ಕಿ ಹೆಸರು ಟೆಕ್ ಪಾರ್ಕಿನಲ್ಲಿ ಕೇಳಿ ನೋಡಿ, ಯಾರಿಗೂ ಗೊತ್ತಿರಲ್ಲ.

ಮೊದಲು ಒಂದು ಗೊಂದಲ ಪರಿಹಾರ ಮಾಡ್ಕೊಳ್ಳೋಣ. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ತೀರಿಕೊಂಡ ಮೇಲೆ ಬೆಂಗಳೂರಿನಲ್ಲಿ ಹೃದಯ ತಪಾಸಣೆಗೆ ಜನ ಸಾಲುಗಟ್ಟಿ ನಿಂತರು. ಆಗ ಎಲ್ಲರ ಬಾಯಲ್ಲೂ ಎರಡು ಪದ ಓಡಾಡ್ತಿದ್ದವು, ಹೃದಯಾಘಾತ ಮತ್ತು ಹೃದಯ ಸ್ತಂಭನ. ಒಂದರ ಜಾಗದಲ್ಲಿ ಇನ್ನೊಂದನ್ನ ಸಲೀಸಾಗಿ ಬಳಸ್ತಿದ್ವಿ. ಅವೆರಡೂ ಬೇರೆ ಬೇರೆ. ಹೃದಯಾಘಾತ ಅಂದ್ರೆ ಪ್ಲಂಬಿಂಗ್ ತೊಂದರೆ: ಹೃದಯದ ಸ್ನಾಯುವಿಗೆ ರಕ್ತ ಕೊಡುವ ನಾಳ ಕಟ್ಟಿಕೊಳ್ಳುತ್ತೆ. ಹಠಾತ್ ಹೃದಯ ಸ್ತಂಭನ ಬಹಳ ಸಲ ವೈರಿಂಗ್ ತೊಂದರೆ: ಹೃದಯದ ಕೆಳಗಿನ ಕೋಣೆಗಳಲ್ಲಿ ವಿದ್ಯುತ್ ಸಂಕೇತ ದಿಕ್ಕು ತಪ್ಪಿ, ಸ್ನಾಯು ಒಟ್ಟಿಗೆ ಹಿಂಡುವ ಬದಲು ಸುಮ್ಮನೆ ಅದುರುತ್ತೆ. ಇದಕ್ಕೆ ವೆಂಟ್ರಿಕ್ಯುಲರ್ ಫಿಬ್ರಿಲೇಷನ್ ಅಂತಾರೆ. ಮೊದಲನೆಯದು ಎರಡನೆಯದಕ್ಕೆ ದಾರಿ ಮಾಡಿಕೊಡಬಹುದು, ಆದರೆ ಎರಡೂ ಒಂದೇ ಅಲ್ಲ.

ಫಿಬ್ರಿಲೇಷನ್ ಶುರುವಾದರೆ ರಕ್ತ ಮುಂದೆ ಹೋಗೋದೇ ಇಲ್ಲ. ಹತ್ತು ಸೆಕೆಂಡು ಆಸುಪಾಸಿನಲ್ಲಿ ಎಚ್ಚರ ತಪ್ಪುತ್ತೆ. ನಾಲ್ಕಾರು ನಿಮಿಷಕ್ಕೆ ಮಿದುಳಿಗೆ ಪೆಟ್ಟು ಬೀಳೋಕೆ ಶುರು. ಶಾಕ್ ಕೊಡುವುದು ಒಂದೊಂದು ನಿಮಿಷ ತಡವಾದಂತೆ ಬದುಕುವ ಸಾಧ್ಯತೆ ಶೇ. 7ರಿಂದ 10ರಷ್ಟು ಇಳಿಯುತ್ತಾ ಹೋಗುತ್ತೆ. ಅಂದ್ರೆ ಇಲ್ಲಿ ಔಷಧಿಗಿಂತ ಮುಖ್ಯವಾದದ್ದು ಸಮಯ. ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ನಿಂತ ಆಂಬುಲೆನ್ಸ್ ನೋಡಿದವರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ.

ಈಗ ಮಿರೋವ್‌ಸ್ಕಿ ಕತೆಗೆ ಬರೋಣ. 1924ರಲ್ಲಿ ಪೋಲೆಂಡಿನ ವಾರ್ಸಾದಲ್ಲಿ ಒಂದು ಯಹೂದಿ ಮನೆಯಲ್ಲಿ ಹುಟ್ಟಿದರು. ಹುಟ್ಟುಹೆಸರು ಮೊರ್ದೆಖಾಯ್ ಫ್ರಿಡ್‌ಮನ್. 1939ರಲ್ಲಿ ಹಿಟ್ಲರನ ಸೇನೆ ಪೋಲೆಂಡಿಗೆ ನುಗ್ಗಿದಾಗ ಹುಡುಗನಿಗೆ ವಯಸ್ಸು ಹದಿನೈದರ ಹತ್ತಿರ. ಮನೆ ಬಿಟ್ಟು ಪೂರ್ವಕ್ಕೆ, ಸೋವಿಯತ್ ನೆಲಕ್ಕೆ ಓಡಿದ. ಯುದ್ಧ ಮುಗಿಯುವಷ್ಟರಲ್ಲಿ ಅವನ ಕುಟುಂಬದಲ್ಲಿ ಉಳಿದಿದ್ದವನು ಅವನೊಬ್ಬನೇ.

ಆಮೇಲಿನ ಹತ್ತಿಪ್ಪತ್ತು ವರ್ಷ ಒಂದು ಊರಲ್ಲಿ ನಿಂತ ಬದುಕಲ್ಲ. ಫ್ರಾನ್ಸಿನ ಲಿಯೋನ್‌ನಲ್ಲಿ ವೈದ್ಯಕೀಯ ಓದಿದರು. ಇಸ್ರೇಲಿಗೆ ಹೋಗಿ ತೆಲ್ ಹಶೋಮೆರ್ ಆಸ್ಪತ್ರೆಯಲ್ಲಿ ಹ್ಯಾರಿ ಹೆಲ್ಲರ್ ಎಂಬ ಹಿರಿಯ ಡಾಕ್ಟರ ಕೈಕೆಳಗೆ ಕೆಲಸ ಮಾಡಿದರು. ಹೃದ್ರೋಗ ಕಲಿಯಲು ಮೆಕ್ಸಿಕೋ ಸಿಟಿಗೆ ಹೋದರು, ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್‌ನಲ್ಲಿ ಮಕ್ಕಳ ಹೃದಯತಜ್ಞೆ ಹೆಲೆನ್ ಟಾಸಿಗ್ ಬಳಿ ಕಲಿತರು. ಮತ್ತೆ ಇಸ್ರೇಲಿಗೆ ವಾಪಸ್, ಅಲ್ಲಿನ ಒಂದು ಆಸ್ಪತ್ರೆಯಲ್ಲಿ ಹೃದ್ರೋಗ ತಜ್ಞರಾಗಿ. ಕತೆ ಅಲ್ಲಿಗೇ ನಿಂತಿದ್ದರೆ ಇವರೊಬ್ಬ ಒಳ್ಳೆ ಡಾಕ್ಟರ್ ಅಷ್ಟೇ ಆಗಿರ್ತಿದ್ರು.

1966ರಲ್ಲಿ ಗುರು ಹೆಲ್ಲರ್ ಅವರಿಗೇ ಹೃದಯದ ಲಯ ತಪ್ಪುವ ಕಾಯಿಲೆ ಶುರುವಾಯಿತು. ಮತ್ತೆ ಮತ್ತೆ ಬರೋದು, ಆಸ್ಪತ್ರೆ ಸೇರೋದು, ಮಾತ್ರೆ, ಮನೆ. ಇದು ಯಾವತ್ತಾದರೂ ಒಂದು ದಿನ ಜೀವ ತೆಗೆಯುತ್ತೆ ಅಂತ ಮಿರೋವ್‌ಸ್ಕಿಗೆ ಗೊತ್ತಿತ್ತು. ಗೊತ್ತಿದ್ದ ಹಾಗೇ ಆಯಿತು. ಮನೆಯವರ ಜೊತೆ ಊಟಕ್ಕೆ ಕೂತಿದ್ದಾಗಲೇ ಹೆಲ್ಲರ್ ಕುಸಿದು ತೀರಿಕೊಂಡರು.

ಅವರನ್ನ ಉಳಿಸೋಕೆ ಏನು ಮಾಡಬಹುದಿತ್ತು? ಎರಡೇ ದಾರಿ. ಆಯುಷ್ಯವಿಡೀ ಆಸ್ಪತ್ರೆಯ ತುರ್ತು ಘಟಕದಲ್ಲೇ ಮಲಗಿಸಿಡಬೇಕಿತ್ತು. ಇಲ್ಲಾಂದ್ರೆ ಡಿಫಿಬ್ರಿಲೇಟರ್ ಹಿಡಿದ ಡಾಕ್ಟರ್ ಒಬ್ಬ ಹಗಲೂ ರಾತ್ರಿ ಅವರ ಹಿಂದೆಯೇ ತಿರುಗಬೇಕಿತ್ತು. ಎರಡೂ ಆಗದ ಮಾತು. ಮಿರೋವ್‌ಸ್ಕಿ ಎರಡನೇ ದಾರಿಯನ್ನೇ ಹಿಡಿದುಕೊಂಡರು: ಆ ಡಾಕ್ಟರನ್ನೂ ಆ ಯಂತ್ರವನ್ನೂ ಸಣ್ಣದು ಮಾಡಿ ರೋಗಿಯ ಮೈಯೊಳಗೇ ಇಟ್ಟರೆ?

ನಮ್ಮೂರಲ್ಲಿ ಪಂಪ್‌ಸೆಟ್ ಇರೋ ಯಾರಿಗೇ ಈ ಯೋಚನೆ ಹೇಳಿದರೂ ಥಟ್ಟನೆ ಅರ್ಥ ಆಗುತ್ತೆ. ತ್ರೀ ಫೇಸ್ ಕರೆಂಟು ರಾತ್ರಿ ಒಂದಕ್ಕೋ ಎರಡಕ್ಕೋ ಬರೋದು. ಅಪ್ಪ ನಿದ್ದೆಗಣ್ಣಲ್ಲಿ ಟಾರ್ಚ್ ಹಿಡಿದು, ಹಾವು ಹುಳದ ಭಯದಲ್ಲಿ ತೋಟಕ್ಕೆ ಹೋಗಿ ಮೋಟರ್ ಹಾಕಿ ಬರ್ತಿದ್ದರು. ಆಮೇಲೆ ಆಟೋ ಸ್ಟಾರ್ಟರ್ ಬಂತು. ಅದು ಕತ್ತಲಲ್ಲಿ ಕಾಯುತ್ತಾ ಇರುತ್ತೆ. ಕರೆಂಟ್ ಬಂತಾ, ಮೂರೂ ಫೇಸ್ ಸರಿ ಇದೆಯಾ ಅಂತ ನೋಡುತ್ತೆ, ತಾನೇ ಮೋಟರ್ ಹಾಕುತ್ತೆ. ಆದರೆ ಅದರ ಲೆಕ್ಕ ತಪ್ಪಿದರೆ, ಎರಡೇ ಫೇಸ್ ಇದ್ದಾಗ ಮೋಟರ್ ಹಾಕಿಬಿಟ್ಟರೆ, ಕಾಯಿಲ್ ಸುಟ್ಟು ಸಾವಿರಾರು ರೂಪಾಯಿ ಖರ್ಚು. ತಾನಾಗೇ ಕೆಲಸ ಮಾಡೋ ಯಂತ್ರದ ಕಷ್ಟವೇ ಇದು. ಮಾಡಬೇಕಾದಾಗ ಮಾಡಲೇಬೇಕು, ಮಾಡಬಾರದಾಗ ಮಾಡಲೇಬಾರದು. ಎದೆಯೊಳಗೆ ಇಡೋ ಯಂತ್ರದಲ್ಲಿ ಸುಟ್ಟುಹೋಗೋದು ಕಾಯಿಲ್ ಅಲ್ಲ.

ಆಗಿನ ಡಿಫಿಬ್ರಿಲೇಟರ್ ತಳ್ಳುಗಾಡಿ ಮೇಲೆ ತರುವಂಥ ಯಂತ್ರ. ಇದನ್ನ ಮೈಯೊಳಗೆ ಇಡೋ ಮಾತು ಕೇಳಿದ ತಜ್ಞರು ಆಗಲ್ಲ ಬಿಡಿ ಅಂದರು. ಸಂಶೋಧನೆಗೆ ಜಾಗ ಬೇಕಾಗಿತ್ತು, ಎಂಜಿನಿಯರುಗಳು ಬೇಕಾಗಿತ್ತು. 1968ರಲ್ಲಿ ಮಿರೋವ್‌ಸ್ಕಿ ಮತ್ತೊಮ್ಮೆ ಗಂಟುಮೂಟೆ ಕಟ್ಟಿಕೊಂಡು ಅಮೆರಿಕದ ಬಾಲ್ಟಿಮೋರ್‌ನ ಸೈನಾಯ್ ಆಸ್ಪತ್ರೆಗೆ ಬಂದರು. ಅಲ್ಲಿ ಹೃದಯ ತುರ್ತು ಘಟಕದ ಜವಾಬ್ದಾರಿ, ಉಳಿದ ಸಮಯ ಸಂಶೋಧನೆಗೆ. 1969ರಲ್ಲಿ ಅಲ್ಲೇ ಇದ್ದ ಹೃದ್ರೋಗ ತಜ್ಞ ಮಾರ್ಟನ್ ಮೋವರ್ ಜೊತೆಯಾದರು. ಇಬ್ಬರೂ ಸೇರಿ ನಾಯಿಗಳ ಮೇಲೆ ಪ್ರಯೋಗ ಮಾಡಿ 1970ರಲ್ಲಿ ಒಂದು ಲೇಖನ ಪ್ರಕಟಿಸಿದರು.

ನ್ಯಾಯವಾಗಿ ಒಂದು ಮಾತು ಹೇಳಲೇಬೇಕು. ಅದೇ ಹೊತ್ತಿಗೆ ಮಿಸ್ಸೋರಿ ವಿಶ್ವವಿದ್ಯಾಲಯದಲ್ಲಿ ಜಾನ್ ಶೂಡರ್ ಕೂಡ ಸ್ವತಂತ್ರವಾಗಿ ಇಂಥದ್ದೇ ಪ್ರಯೋಗ ಮಾಡಿದ್ದರು. ಅವರು ಅದನ್ನ ಅಲ್ಲಿಗೆ ಬಿಟ್ಟು, ಶಾಕ್‌ನ ಅಲೆ ಹೇಗಿರಬೇಕು ಅನ್ನೋ ಅಧ್ಯಯನಕ್ಕೆ ಹೋದರು. ಆ ಅಧ್ಯಯನ ಮುಂದೆ ಬಹಳ ಉಪಯೋಗಕ್ಕೆ ಬಂತು. ಹೊಳೆದದ್ದು ಇಬ್ಬರಿಗೂ. ಹಿಡಿದು ಕೂತವರು ಮಿರೋವ್‌ಸ್ಕಿ.

ಹಿಡಿದು ಕೂರೋದು ಸುಲಭ ಇರಲಿಲ್ಲ, ಯಾಕಂದ್ರೆ 1972ರಲ್ಲಿ ಬರ್ನಾರ್ಡ್ ಲೌನ್ ಬರೆದರು. ಲೌನ್ ಯಾರೋ ಹೋಗೋಬರೋ ಟೀಕಾಕಾರ ಅಲ್ಲ. ಹಾರ್ವರ್ಡಿನ ದೊಡ್ಡ ಹೃದ್ರೋಗ ತಜ್ಞ. 1960ರ ದಶಕದ ಮೊದಲಲ್ಲಿ ಎಂಜಿನಿಯರ್ ಬರೂಕ್ ಬರ್ಕೋವಿಟ್ಸ್ ಜೊತೆ ಡಿಸಿ ಡಿಫಿಬ್ರಿಲೇಟರನ್ನು ಬಳಕೆಗೆ ತಂದವರೇ ಅವರು. ಅಂದ್ರೆ ಶಾಕ್ ಕೊಟ್ಟು ಹೃದಯ ಸರಿ ಮಾಡೋ ವಿಷಯದಲ್ಲಿ ಜಗತ್ತಿಗೇ ಮೇಷ್ಟ್ರು. ‘ಸರ್ಕ್ಯುಲೇಷನ್’ ಎಂಬ ಹೃದ್ರೋಗ ಪತ್ರಿಕೆಯಲ್ಲಿ ಸಹಲೇಖಕರೊಬ್ಬರ ಜೊತೆ ಅವರು ಬರೆದ ಸಂಪಾದಕೀಯದ ಸಾರ ಇಷ್ಟು: ಇದು ಅರೆಬರೆ ಪರಿಹಾರ, ತನಗೆ ತಕ್ಕ ಉಪಯೋಗ ಎಲ್ಲಿದೆ ಅಂತ ಇನ್ನೂ ಹುಡುಕ್ತಾ ಇದೆ. ಪದೇ ಪದೇ ಫಿಬ್ರಿಲೇಷನ್ ಬರುವ ಅಪರೂಪದ ರೋಗಿಯನ್ನು ತುರ್ತು ಘಟಕದಲ್ಲಿ ನೋಡಿಕೊಳ್ಳಿ, ಲಯ ತಿದ್ದುವ ಔಷಧಿ ಕೊಡಿ, ಇಲ್ಲವೇ ಶಸ್ತ್ರಚಿಕಿತ್ಸೆ ಮಾಡಿ.

ನಮ್ಮ ಡಿಸೈನ್ ರಿವ್ಯೂಗಳಲ್ಲಿ ಇಂಥ ಮಾತನ್ನ ನಾನು ಎಷ್ಟು ಸಲ ಕೇಳಿದ್ದೀನೋ. ‘ಯೂಸ್ ಕೇಸ್ ಏನು?’ ಅಂತ ರೂಮಿನಲ್ಲಿ ಹಿರಿಯರೊಬ್ಬರು ಮೆತ್ತಗೆ ಕೇಳಿದರೆ ಸಾಕು, ಆ ಐಡಿಯಾ ಅಲ್ಲೇ ಮಲಗುತ್ತೆ. ಕೇಳಿದ ಪ್ರಶ್ನೆ ತಪ್ಪು ಅಂತಲ್ಲ. ಲೌನ್ ಕೇಳಿದ್ದೂ ತಪ್ಪಲ್ಲ. ಯಾರಿಗೆ ಹಾಕಬೇಕು, ತಪ್ಪಾಗಿ ಶಾಕ್ ಹೊಡೆದರೆ ಏನು ಗತಿ, ಇವು ಕೇಳಲೇಬೇಕಾದ ಪ್ರಶ್ನೆಗಳು. ಆದರೆ ಅವರು ಕೊಟ್ಟ ಉತ್ತರ ಗಮನಿಸಿ. ತುರ್ತು ಘಟಕದಲ್ಲಿ ಇರಿಸಿ, ಔಷಧಿ ಕೊಡಿ. ಹೆಲ್ಲರ್ ಅವರಿಗೆ ಮಾಡಿದ್ದೂ ಇದೇ ತಾನೇ? ಆ ಉತ್ತರ ಸಾಲದು ಅನ್ನೋದಕ್ಕೆ ಮಿರೋವ್‌ಸ್ಕಿ ಬಳಿ ಅಂಕಿಅಂಶ ಇರಲಿಲ್ಲ, ಒಬ್ಬ ಸತ್ತ ಗುರು ಇದ್ದರು.

ದುಡ್ಡಿನ ಕಡೆಯಿಂದಲೂ ಪೆಟ್ಟು ಬಿತ್ತು. ಪೇಸ್‌ಮೇಕರ್ ದೊರೆ ಮೆಡ್‌ಟ್ರಾನಿಕ್ ಮೊದಲು ಆಸಕ್ತಿ ತೋರಿಸಿ, ಇದಕ್ಕೆ ಮಾರುಕಟ್ಟೆ ಇಲ್ಲ ಅಂತ ಹಿಂದೆ ಸರಿಯಿತು. ಕೊನೆಗೆ ಕೈ ಹಿಡಿದದ್ದು ಪಿಟ್ಸ್‌ಬರ್ಗ್ ಕಡೆಯ ಮೆಡ್‌ರ‍್ಯಾಡ್ ಎಂಬ ಸಣ್ಣ ಕಂಪನಿ. ಆಂಜಿಯೋಗ್ರಾಂ ವೇಳೆ ನಾಳದೊಳಗೆ ಬಣ್ಣದ ದ್ರವ ಬಿಡುವ ಉಪಕರಣ ಮಾಡುತ್ತಿದ್ದ ಕಂಪನಿ ಅದು. ಅದರ ಸ್ಥಾಪಕ ಸ್ಟೀಫನ್ ಹೈಲ್‌ಮನ್ ಸ್ವತಃ ಡಾಕ್ಟರ್. ಅಲ್ಲಿಗೆ ಬಂದ ಎಂಜಿನಿಯರ್ ಅಲೋಯ್ಸ್ ಲ್ಯಾಂಗರ್. ನಮ್ಮಂಥವರ ಎದೆ ಕುಣಿಯೋ ಭಾಗ ಶುರುವಾಗೋದು ಇಲ್ಲಿಂದ.

ಹೃದಯ ನಿಂತಿದೆ ಅಂತ ಡಬ್ಬಿಗೆ ಗೊತ್ತಾಗೋದು ಹೇಗೆ? ಮೊದಮೊದಲು ಹೃದಯದೊಳಗಿನ ರಕ್ತದ ಒತ್ತಡ ಅಳೆದು ನೋಡಿದ್ದರು. ಒತ್ತಡ ಬಿದ್ದರೆ ಶಾಕ್ ಹೊಡಿ. ಕೇಳೋಕೆ ಸರಿ. ಆದರೆ ಸೆನ್ಸರ್ ವೈರೇ ತುಂಡಾದರೆ? ಒತ್ತಡ ಸೊನ್ನೆ ಅಂತ ತೋರಿಸುತ್ತೆ, ಚೆನ್ನಾಗಿ ಓಡಾಡಿಕೊಂಡಿರೋ ಮನುಷ್ಯನಿಗೆ ಡಬ್ಬಿ ಹೊಡೆದುಬಿಡುತ್ತೆ. ಸೆನ್ಸರ್ ಸತ್ತದ್ದಕ್ಕೂ ಮನುಷ್ಯ ಸತ್ತದ್ದಕ್ಕೂ ವ್ಯತ್ಯಾಸ ಗೊತ್ತಾಗದ ವಿನ್ಯಾಸ ಅದು.

ಹೊಸ ಉಪಾಯ ಎಷ್ಟು ಸರಳ ನೋಡಿ. ಇಸಿಜಿ ಗೆರೆಯನ್ನ ಕಣ್ಣ ಮುಂದೆ ತಂದುಕೊಳ್ಳಿ. ಒಂದು ಮೊನೆ ಮೇಲೇಳುತ್ತೆ, ಆಮೇಲೆ ಗೆರೆ ಬಹಳ ಹೊತ್ತು ಮಟ್ಟಸವಾಗಿ ಮಲಗಿರುತ್ತೆ, ಮತ್ತೆ ಒಂದು ಮೊನೆ. ಆರೋಗ್ಯವಾಗಿರೋ ಹೃದಯದ ಗೆರೆ ಹೆಚ್ಚು ಹೊತ್ತು ಕಳೆಯೋದು ಸೊನ್ನೆಯ ಹತ್ತಿರ. ಫಿಬ್ರಿಲೇಷನ್ ಆದಾಗ ಗೆರೆ ಒಂದು ಕ್ಷಣವೂ ಮಲಗಲ್ಲ, ಗಾಳಿಗೆ ಸಿಕ್ಕ ಕೆರೆ ನೀರಿನ ಹಾಗೆ ಮೇಲೂ ಕೆಳಗೂ ಹೊಯ್ದಾಡ್ತಾನೇ ಇರುತ್ತೆ. ಹಾಗಾದರೆ ಗೆರೆ ಸೊನ್ನೆಯ ಬಳಿ ಎಷ್ಟು ಹೊತ್ತು ಇದೆ ಅನ್ನೋದನ್ನಷ್ಟೇ ಅಳೆದರೆ ಸಾಕಲ್ಲ! ಆ ಹೊತ್ತು ತೀರಾ ಕಮ್ಮಿಯಾದರೆ ಅಪಾಯ. ಇದಕ್ಕೆ ಅವರು ಕೊಟ್ಟ ಹೆಸರು ಪ್ರಾಬಬಿಲಿಟಿ ಡೆನ್ಸಿಟಿ ಫಂಕ್ಷನ್. ಬಿಇ ಮೂರನೇ ಸೆಮಿಸ್ಟರಿನಲ್ಲಿ ಬೈಕೊಂಡು ಓದಿದ್ವಲ್ಲ, ಅದೇ. ಒಬ್ಬರ ಜೀವ ಅದರ ಮೇಲೆ ನಿಂತಿರುತ್ತೆ ಅಂತ ಕ್ಲಾಸಿನಲ್ಲಿ ಯಾರೂ ಹೇಳಲೇ ಇಲ್ಲ. ಇನ್ನೊಂದು ಒಳ್ಳೇದು: ವೈರ್ ತುಂಡಾಗಿ ಸಂಕೇತವೇ ಬರದಿದ್ದರೆ ಗೆರೆ ಸೊನ್ನೆಯಲ್ಲಿ ಮಲಗುತ್ತೆ, ಅಂದ್ರೆ ಡಬ್ಬಿ ಸುಮ್ಮನಿರುತ್ತೆ.

ಆಮೇಲೆ ಶಕ್ತಿಯ ಪ್ರಶ್ನೆ. ಎದೆಯ ಹೊರಗಿಂದ ಹೊಡೆಯೋಕೆ 200ರಿಂದ 360 ಜೌಲ್ ಬೇಕು. ಹೃದಯಕ್ಕೇ ಅಂಟಿಕೊಂಡು ಹೊಡೆದರೆ ಸುಮಾರು 25 ಸಾಕು. ಒಂದು ಕೆ.ಜಿ. ಕಲ್ಲನ್ನ ಎರಡೂವರೆ ಮೀಟರ್ ಎತ್ತೋಕೆ ಬೇಕಾದಷ್ಟು ಶಕ್ತಿ, ಅಷ್ಟೇ. ಆದರೆ ಅಷ್ಟನ್ನೂ ಸೆಕೆಂಡಿನ ಸಾವಿರದ ಕೆಲವು ಪಾಲಿನಲ್ಲಿ ಸುರಿಯಬೇಕು. ಸಣ್ಣ ಬ್ಯಾಟರಿಗೆ ಒಂದೇ ಸಲಕ್ಕೆ ಅಷ್ಟು ಕೊಡೋ ತಾಕತ್ತಿಲ್ಲ. ಅದಕ್ಕೇ ಬಾವಿಯಿಂದ ಬಿಂದಿಗೆ ಬಿಂದಿಗೆಯಾಗಿ ಸೇದಿ ತೊಟ್ಟಿ ತುಂಬಿಸಿ, ತೂಬು ಒಮ್ಮೆಲೇ ಕಿತ್ತ ಹಾಗೆ: ಬ್ಯಾಟರಿ ಕೆಲವು ಸೆಕೆಂಡು ಕೆಪಾಸಿಟರ್ ತುಂಬಿಸುತ್ತೆ, ಕೆಪಾಸಿಟರ್ ಒಮ್ಮೆಲೇ ಖಾಲಿಯಾಗುತ್ತೆ.

ಇಷ್ಟೆಲ್ಲ ಸೇರಿ ನಾಯಿಯೊಳಗೆ ಕೂತು, ಆ ಫಿಲ್ಮ್ ಆಗಿ, ಅನುಮಾನಗಳೆಲ್ಲ ಒಂದೊಂದಾಗಿ ಪ್ರಯೋಗಕ್ಕೆ ಬಂದು, ಮನುಷ್ಯನ ತನಕ ಬರೋಕೆ 1980 ಆಯಿತು. ಆ ವರ್ಷ ಫೆಬ್ರವರಿ 4ರಂದು ಬಾಲ್ಟಿಮೋರ್‌ನ ಜಾನ್ಸ್ ಹಾಪ್‌ಕಿನ್ಸ್ ಆಸ್ಪತ್ರೆಯಲ್ಲಿ ಕ್ಯಾಲಿಫೋರ್ನಿಯಾದ 57 ವರ್ಷದ ಮಹಿಳೆಯೊಬ್ಬರಿಗೆ ಮೊದಲ ಸಾಧನ ಹಾಕಿದರು. ಸರ್ಜನ್ ಲೀವೈ ವಾಟ್ಕಿನ್ಸ್, ಹಾಪ್‌ಕಿನ್ಸ್‌ನಲ್ಲಿ ಹೃದಯ ಶಸ್ತ್ರಚಿಕಿತ್ಸೆಯ ಮೊದಲ ಕಪ್ಪು ಚೀಫ್ ರೆಸಿಡೆಂಟ್ ಆಗಿದ್ದವರು. ಎದೆ ತೆರೆದೇ ಮಾಡಬೇಕಿದ್ದ ಆಪರೇಷನ್ ಅದು. ಸುಮಾರು ಕಾಲು ಕೆ.ಜಿ. ತೂಕದ ಡಬ್ಬಿಯನ್ನ ಹೊಟ್ಟೆಯ ಚರ್ಮದಡಿ ಇಟ್ಟರು.

ಟೆಸ್ಟಿಂಗ್ ಹೇಗೆ ಅಂತೀರಾ? ಬೇರೆ ದಾರಿಯೇ ಇಲ್ಲ, ಹೃದಯದ ಲಯ ಕೆಡಿಸಿಯೇ ನೋಡಬೇಕು. ಆಪರೇಷನ್ ಟೇಬಲ್ ಮೇಲೆ ಬೇಕೆಂದೇ ಲಯ ತಪ್ಪಿಸಿ, ಕೈಕಟ್ಟಿ ಕಾಯಬೇಕು. ಪ್ರೊಡಕ್ಷನ್‌ನಲ್ಲೇ ಟೆಸ್ಟ್ ಮಾಡಬೇಡ್ರೋ ಅಂತ ನಾವು ದಿನಾ ಜ್ಯೂನಿಯರ್‌ಗಳಿಗೆ ಹೇಳ್ತೀವಿ. ಅವರಿಗೆ ಬೇರೆ ಸರ್ವರ್ ಇರಲಿಲ್ಲ ಮಾರಾಯ್ರೇ. ಡಬ್ಬಿ ಕಂಡುಹಿಡಿಯಿತು, ಹೊಡೆಯಿತು, ಲಯ ಮರಳಿತು. ಮೊದಲ ಮೂರು ರೋಗಿಗಳ ವರದಿ ಅದೇ ಆಗಸ್ಟಿನಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ನಲ್ಲಿ ಬಂತು.

ಆ ದಿನಗಳ ನಿಯಮ ಒಂದಿದೆ, ಓದಿದಾಗ ಒಂಥರಾ ಆಗುತ್ತೆ. ಆರಂಭದಲ್ಲಿ ಈ ಸಾಧನ ಹಾಕಿಸಿಕೊಳ್ಳಲು ಎರಡು ಸಲ ಹೃದಯ ಸ್ತಂಭನವಾಗಿ ಬದುಕಿ ಉಳಿದಿರಬೇಕಿತ್ತು. ಎರಡು ಸಲ ಸತ್ತು ಬಂದವರಿಗೆ ಮಾತ್ರ ಪ್ರವೇಶ! ಮೊದಲ ಸಲಕ್ಕೇ ಹೋಗಿಬಿಡುವವರೇ ಹೆಚ್ಚು ಅನ್ನೋದು ಎಲ್ಲರಿಗೂ ಗೊತ್ತಿತ್ತು. ಆದರೆ ಹೊಸ ಯಂತ್ರವನ್ನ ಯಾರ ಮೇಲೆ ಮೊದಲು ಬಳಸೋದು ಅಂದ್ರೆ ಬೇರೆ ಯಾವ ದಾರಿಯೂ ಉಳಿಯದವರ ಮೇಲೆ ತಾನೇ?

ಆ ಮೊದಲ ತಲೆಮಾರಿನ ಡಬ್ಬಿ ಹಾಡಿ ಹೊಗಳುವಂಥದ್ದೂ ಅಲ್ಲ. ಅದರಲ್ಲಿ ಲಾಗ್ ಇರಲಿಲ್ಲ. ಶಾಕ್ ಹೊಡೆದಾಗ ಅದು ಏನು ನೋಡಿ ಹೊಡೆಯಿತು ಅಂತ ಡಾಕ್ಟರಿಗೆ ತಿಳಿಯೋ ಹಾಗಿರಲಿಲ್ಲ, ಸೆಟ್ಟಿಂಗ್ ಬದಲಿಸೋ ಹಾಗೂ ಇರಲಿಲ್ಲ. ಎಚ್ಚರ ಇರುವಾಗ ತಪ್ಪಾಗಿ ಹೊಡೆದರೆ ಎದೆಗೆ ಕುದುರೆ ಒದ್ದ ಹಾಗಾಗುತ್ತೆ ಅಂತ ಅನುಭವಿಸಿದವರು ಹೇಳ್ತಾರೆ. ಮುಂದಿನ ಹೊಡೆತ ಯಾವಾಗಲೋ ಅನ್ನೋ ಭಯದಲ್ಲೇ ಬದುಕಿದವರಿದ್ದಾರೆ. ಈಗಿನ ಸಾಧನಗಳು ನೋಡಿದ್ದನ್ನೆಲ್ಲ ದಾಖಲಿಸುತ್ತವೆ, ರಕ್ತನಾಳದ ಮೂಲಕವೇ ತಂತಿ ಹೋಗುತ್ತೆ, ಎದೆ ತೆರೆಯಬೇಕಿಲ್ಲ. ಆದರೂ ತಪ್ಪು ಶಾಕ್ ಪೂರ್ತಿ ನಿಂತಿಲ್ಲ. ಲೌನ್ ಅವರ ಅನುಮಾನದ ಆ ಭಾಗ ಇವತ್ತಿಗೂ ಜೀವಂತ.

1985ರಲ್ಲಿ ಅಮೆರಿಕದ ಎಫ್‌ಡಿಎ ಒಪ್ಪಿಗೆ ಕೊಟ್ಟಿತು. ಅದೇ 1985ರಲ್ಲಿ, ಅಣುಯುದ್ಧದ ವಿರುದ್ಧ ಲೌನ್ ಸೋವಿಯತ್ ಡಾಕ್ಟರ್ ಯೆವ್ಗೆನಿ ಚಾಜೋವ್ ಜೊತೆ ಕಟ್ಟಿದ ವೈದ್ಯರ ಸಂಘಟನೆಗೆ ನೊಬೆಲ್ ಶಾಂತಿ ಪ್ರಶಸ್ತಿ ಬಂತು. ಲೌನ್ ಹುಟ್ಟಿದ್ದು ಲಿಥುವೇನಿಯಾದ ಯಹೂದಿ ಮನೆಯಲ್ಲಿ, 1930ರ ದಶಕದಲ್ಲಿ ಅಮೆರಿಕಕ್ಕೆ ಬಂದವರು. ಇಬ್ಬರೂ ಒಂದೇ ಬೆಂಕಿಯ ಅಂಚಿನಿಂದ ಪಾರಾಗಿ ಬಂದು, ಒಂದೇ ಕಾಯಿಲೆಯ ಬೆನ್ನು ಹತ್ತಿದವರು. ಇದರಲ್ಲಿ ಖಳನಾಯಕ ಯಾರೂ ಇಲ್ಲ. ಹಾಗಾಗಿಯೇ ಈ ಕತೆ ನನ್ನನ್ನ ಬಿಡದೆ ಹಿಡಿದಿದೆ. ಒಳ್ಳೆಯವರೂ ಬುದ್ಧಿವಂತರೂ ಸೇರಿ, ಸರಿಯಾದ ಪ್ರಶ್ನೆ ಕೇಳಿಯೇ, ಒಂದು ಒಳ್ಳೆ ಕೆಲಸವನ್ನ ನಿಲ್ಲಿಸಿಬಿಡಬಹುದು.

ಹಠಕ್ಕೆ ಬಿದ್ದವರೆಲ್ಲ ಗೆಲ್ಲಲ್ಲ, ಗೆಲ್ಲಲೂಬಾರದು. ಹಠ ಹಿಡಿದು ಕೆಟ್ಟ ಸಾಫ್ಟ್‌ವೇರ್ ಬರೆದವರನ್ನ ನಾವೂ ನೋಡಿದ್ದೀವಿ. ಮಿರೋವ್‌ಸ್ಕಿ ಆಕ್ಷೇಪ ಬಂದಾಗಲೆಲ್ಲ ಅದನ್ನ ಒಂದು ಕೆಲಸವಾಗಿ ಬರೆದಿಟ್ಟುಕೊಂಡರು ಅನ್ನಿಸುತ್ತೆ. ದೊಡ್ಡದಾಯಿತು ಅಂದ್ರಾ, ಸಣ್ಣದು ಮಾಡೋಣ. ನಾಯಿಗೆ ಕಲಿಸಿದ್ದೀರಿ ಅಂದ್ರಾ, ಇಸಿಜಿ ತೋರಿಸೋಣ. ಯಾರಿಗೆ ಹಾಕ್ತೀರಿ ಅಂದ್ರಾ, ಎರಡು ಸಲ ಸತ್ತು ಬಂದವರಿಂದ ಶುರು ಮಾಡೋಣ.

ಕೊನೆಯ ಆಕ್ಷೇಪಕ್ಕೆ ಉತ್ತರ ಬಂದಾಗ ಅವರು ಇರಲಿಲ್ಲ. 1989ರಲ್ಲಿ ಕಾಸ್ಟ್ ಎಂಬ ದೊಡ್ಡ ಅಧ್ಯಯನ ಒಂದು ಆಘಾತ ಕೊಟ್ಟಿತು. ಹೃದಯಾಘಾತದ ನಂತರ ಲಯ ತಿದ್ದಲು ಕೊಡುತ್ತಿದ್ದ ಕೆಲವು ಔಷಧಿಗಳಿಂದ ಸಾವು ಕಮ್ಮಿಯಾಗೋ ಬದಲು ಹೆಚ್ಚಾಗಿತ್ತು. ಮಾರನೇ ವರ್ಷ, 1990ರ ಮಾರ್ಚ್ 26ರಂದು ಮಿರೋವ್‌ಸ್ಕಿ ಮಲ್ಟಿಪಲ್ ಮೈಲೋಮಾ ಎಂಬ ಕ್ಯಾನ್ಸರಿನಿಂದ ತೀರಿಕೊಂಡರು. 65 ವರ್ಷ. 1996ರಲ್ಲಿ ಮ್ಯಾಡಿಟ್ ಅಧ್ಯಯನ ಬಂತು. ಹಿಂದೆ ಹೃದಯಾಘಾತವಾಗಿ, ಹೃದಯ ದುರ್ಬಲಗೊಂಡು, ಲಯ ತಪ್ಪುವ ಲಕ್ಷಣ ಇರುವವರನ್ನ ಆರಿಸಿಕೊಂಡಿದ್ದರು. ಇನ್ನೂ ಒಂದು ಸಲವೂ ಹೃದಯ ನಿಲ್ಲದವರು. ಔಷಧಿ ಪಡೆದವರಿಗೆ ಹೋಲಿಸಿದರೆ ಈ ಸಾಧನ ಹಾಕಿಸಿಕೊಂಡವರಲ್ಲಿ ಸಾವು ಅರ್ಧಕ್ಕಿಂತ ಕಮ್ಮಿ. ಯಾರಿಗೆ ಹಾಕಬೇಕು ಅನ್ನೋ 1972ರ ಪ್ರಶ್ನೆಗೆ 24 ವರ್ಷದ ಮೇಲೆ ಸಿಕ್ಕ ಉತ್ತರ. ಸಾಯೋ ತನಕ ಕಾಯಬೇಕಿಲ್ಲ ಅಂತ.

ಸರ್ವರ್ ಬಿದ್ದಾಗ ನನ್ನ ಫೋನ್ ಕಿರುಚುತ್ತೆ, ಮಧ್ಯರಾತ್ರಿಯಾದರೂ ಎದ್ದು ಲಾಗಿನ್ ಆಗ್ತೀನಿ. ಎಷ್ಟೇ ಆಟೋಮೇಷನ್ ಇದ್ದರೂ ಕೊನೆಗೆ ಒಬ್ಬ ಮನುಷ್ಯ ಏಳ್ತಾನೆ. ಈ ಡಬ್ಬಿಗೆ ಏಳಿಸೋಕೆ ಯಾರೂ ಇಲ್ಲ. ಯಾರದೋ ಎದೆಯೊಳಗೆ ವರ್ಷಗಟ್ಟಲೆ ಕೂತು, ಪ್ರತಿ ಬಡಿತವನ್ನೂ ನೋಡಿ, ಏನೂ ಮಾಡದೆ ಬಿಡುತ್ತೆ. ಅದರ ಗೆಲುವು ಯಾವ ಪತ್ರಿಕೆಯಲ್ಲೂ ಬರಲ್ಲ. ಯಾರೋ ಒಬ್ಬರು ಮನೆಯವರ ಜೊತೆ ಊಟಕ್ಕೆ ಕೂತು, ಮಜ್ಜಿಗೆ ಅನ್ನದ ತನಕ ಊಟ ಮುಗಿಸಿ, ಎದ್ದು ಕೈ ತೊಳೆಯೋಕೆ ಹೋಗ್ತಾರೆ, ಅಷ್ಟೇ.